ಕಿವಿಯೊಳಗಿನ ಜೀರುಂಡೆ ಸಾಕುವ ಕ್ರಮ

ಮೊದಲು ಫ್ರಿಜ್ ಬಂದ್ ಮಾಡಿ. ರಾತ್ರಿ ಎರಡು ಗಂಟೆಯಾಗಿರಬೇಕು. ಹಗಲು ಈ ಕೆಲಸಕ್ಕೆ ಆಗಿಬರುವುದಿಲ್ಲ. ಸದ್ದು ನಿಲ್ಲಲಿಲ್ಲವೇ? ಫ್ಯಾನ್ ಬಂದ್ ಮಾಡಿ. ಆಮೇಲೆ ಇನ್ವರ್ಟರ್, ಮೊಬೈಲ್ ಚಾರ್ಜರ್, ಗೋಡೆಯ ಗಡಿಯಾರದ ಸೆಲ್ಲು. ಕೊನೆಗೆ ಮೀಟರ್ ಪೆಟ್ಟಿಗೆಯ ಹತ್ತಿರ ಹೋಗಿ ಮೇನ್ ಇಳಿಸಿ. ವಿಜಯಪುರದ ಏಪ್ರಿಲ್ ತಿಂಗಳಾದರೆ ಇನ್ನೂ ಒಳ್ಳೆಯದು; ಮನೆಮಂದಿಯೆಲ್ಲ ಬೆವತು ಎದ್ದು ಕೂಡುತ್ತಾರೆ, ಕರೆಯದೇ ಸಾಕ್ಷಿಗಳು ಸಿಗುತ್ತಾರೆ. ಅವರನ್ನು ಕತ್ತಲೆಯಲ್ಲೇ ಸಾಲಾಗಿ ಕೂರಿಸಿ ಕೇಳಿ: "ಸಣ್ಣಗ ಸೀಟಿ ಹೊಡದಂಗ ಕೇಳಸ್ತೈತಿಲ್ಲೋ?" ಯಾರಿಗೂ ಕೇಳಿಸುವುದಿಲ್ಲ. ನನ್ನ ಮನೆಯಲ್ಲಿ ಬಂದ ಉತ್ತರ, "ರೀ, ಕೇಳಸೂದು ಆಮ್ಯಾಲೆ ನೋಡೂಣು, ಮೊದಲ ಫ್ಯಾನ್ ಹಚ್ರಿ."

ಇಷ್ಟಾದ ಮೇಲೂ ಸದ್ದು ಹಾಗೇ ಇದ್ದರೆ ನಿಮ್ಮ ಕಿವಿಯಲ್ಲಿ ಜೀರುಂಡೆ ಹುಟ್ಟಿದೆ ಎಂದು ತಿಳಿಯಿರಿ. ಪುಸ್ತಕದವರು ಇದನ್ನು ಕಿವಿಮೊರೆತ ಎನ್ನುತ್ತಾರೆ, ಆಯುರ್ವೇದದವರು ಕರ್ಣನಾದ, ಆಸ್ಪತ್ರೆಯವರು ಟಿನ್ನಿಟಸ್. ನಮ್ಮ ಕಡೆ "ಕಿವಿ ಗುಂಯ್ ಅಂತಾವ" ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಹೆಸರು ಏನೇ ಇರಲಿ, ಇದು ಒಂದೆರಡು ದಿನದ ಬೀಗನಲ್ಲ. ಆದ್ದರಿಂದ ಸರಿಯಾಗಿ ಸಾಕುವುದನ್ನು ಕಲಿಯಿರಿ. ಅಲಕ್ಷ್ಯ ಮಾಡಿದರೆ ಅದು ಸೊರಗುತ್ತದೆ. ಎಷ್ಟೋ ಮನೆಗಳ ಜೀರುಂಡೆ ಹೀಗೆ ಮೇವಿಲ್ಲದೆ ಮೂಲೆ ಸೇರಿದೆ. 2022ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ, ಅಂದರೆ 74 ಕೋಟಿಗೂ ಹೆಚ್ಚು ಜನಕ್ಕೆ, ಕಿವಿ ಗುಂಯ್ ಅನ್ನುತ್ತದೆ. ಅದು ತೀವ್ರವಾಗಿದೆ ಎನ್ನುವವರು ನೂರಕ್ಕೆ ಸುಮಾರು ಇಬ್ಬರು ಮಾತ್ರ. ಉಳಿದ ಹನ್ನೆರಡು ಮಂದಿ ಏನು ಮಾಡುತ್ತಿದ್ದಾರೆ? ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದಾರೆ. ಸೋಮಾರಿಗಳು. ಈ ಕೈಪಿಡಿ ಅವರಿಗಲ್ಲ. ಆ ಇಬ್ಬರ ಸಾಲಿನಲ್ಲಿ ನಿಲ್ಲಲೇಬೇಕೆಂಬ ಶ್ರದ್ಧಾವಂತರಿಗೆ.

ನನ್ನ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ಗಾಂಧಿ ಚೌಕದಿಂದ ಒಳಕ್ಕೆ ಸರಿದ ಒಂದು ಓಣಿಯಲ್ಲಿ ನನ್ನದು ಭಾಂಡೆ ಸಾಮಾನಿನ ಅಂಗಡಿ. ಲಗ್ನಕ್ಕೆ ಕೊಳ್ಳುವ ಕೊಡ, ತಂಬಿಗೆ, ಪರಾತಗಳ ಮೇಲೆ ಹೆಸರು ಹಾಕಿ ಕೊಡುವುದು ಕೈಕಸಬು. ಹೆಸರು ಕೊರೆಯುವ ಮಷೀನಿನ ಸೂಜಿ ಸ್ಟೀಲಿಗೆ ತಾಗಿದಾಗ ಬರುವ ಸದ್ದನ್ನು ನೀವು ಕೇಳಿದ್ದೀರಿ. ಕೇಳಿ, ಹಲ್ಲು ಜುಂ ಎಂದು, ಎರಡು ಹೆಜ್ಜೆ ಹಿಂದೆ ಸರಿದಿದ್ದೀರಿ. ನಾನು ಅದನ್ನು ಇಪ್ಪತ್ತಾರು ವರ್ಷ ತೊಡೆಯ ಮೇಲೆ ಇಟ್ಟುಕೊಂಡು ಕೂತವನು. ಒಂದು ಸಂಜೆ ಮಷೀನು ಬಂದ್ ಮಾಡಿ, ಶಟರ್ ಎಳೆದು ಮನೆಗೆ ಹೋದೆ. ಎಡಗಿವಿ ಮಾತ್ರ ಹೆಸರು ಕೊರೆಯುವುದನ್ನು ನಿಲ್ಲಿಸಲಿಲ್ಲ. ಅದಾಗಿ ಹನ್ನೊಂದು ವರ್ಷ. ಯಾರ ಹೆಸರು, ಯಾವ ಭಾಂಡೆಯ ಮೇಲೆ, ಇನ್ನೂ ಗೊತ್ತಾಗಿಲ್ಲ.

ಇನ್ನೂ ಜೀರುಂಡೆ ಇಲ್ಲದವರು ನಿರಾಶರಾಗಬೇಡಿ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳು, ಗಾಳಿಗೆ ಜೋಳದ ತೆನೆ ಬಾಗುವಂತೆ ಸದ್ದಿಗೆ ಬಾಗುತ್ತವೆ. ಬಾಗಿದ್ದು ಏಳುತ್ತದೆ, ಮುರಿದದ್ದು ಏಳುವುದಿಲ್ಲ. ಕೋಳಿಗೆ ಸತ್ತ ಕೋಶಗಳು ಮತ್ತೆ ಹುಟ್ಟುತ್ತವೆ, ಮನುಷ್ಯನಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಒಮ್ಮೆ ಕೆಡಿಸಿಕೊಂಡರೆ ಸಾಕು, ಕೆಲಸ ಕಾಯಂ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಕಳೆಯಬಹುದು, ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕರ್ಧ ಇಳಿಯಬೇಕು ಎನ್ನುವುದು ಬಲ್ಲವರ ಲೆಕ್ಕ. 100 ಡೆಸಿಬೆಲ್ ಬಂದರೆ ಕಾಲು ತಾಸು. ಗಣಪತಿ ಕಳಿಸುವ ರಾತ್ರಿ ಡಿ.ಜೆ. ಪೆಟ್ಟಿಗೆಗೆ ಬೆನ್ನು ಹಚ್ಚಿ ಕುಣಿದರೆ ಆ ಕಾಲು ತಾಸು ಮೊದಲ ಓಣಿ ದಾಟುವುದರೊಳಗೆ ಮುಗಿದಿರುತ್ತದೆ. ತಿಕೋಟಾ ಕಡೆಯವರಾದರೆ ದ್ರಾಕ್ಷಿ ಬೆಳೆಗೆ ಔಷಧಿ ಹೊಡೆಯುವ ಬ್ಲೋವರ್ ಇದೆ, ಕಿವಿಗೆ ಏನೂ ಇಟ್ಟುಕೊಳ್ಳದೆ ಟ್ರ್ಯಾಕ್ಟರ್ ಏರಿ. ಬಬಲೇಶ್ವರ ಕಡೆಯವರು ಕಬ್ಬಿನ ಗಾಡಿಗೆ ಕಾಯಿರಿ. ಎರಡು ಟ್ರೇಲರ್ ಕಬ್ಬಿಗೆ ನಾಲ್ಕು ಪೆಟ್ಟಿಗೆ ಹಾಡು ಇರುತ್ತದೆ, ಡ್ರೈವರ್ ತಾನು ಕೇಳಲೆಂದಲ್ಲ, ಮುಂದಿನೂರಿನವರು ಕೇಳಲೆಂದು ಹಚ್ಚಿರುತ್ತಾನೆ. ಹೊಲ ತೋಟ ಇಲ್ಲದವರು ಸುಮ್ಮನೆ ಗಾಂಧಿ ಚೌಕಕ್ಕೆ ಬನ್ನಿ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವ್ಯಾಪಾರದ ಜಾಗಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್ ಎಂದು ಬರೆದಿದೆ. ಅದನ್ನು ಪಕ್ಕದವನಿಗೆ ಕೇಳುವಂತೆ ಓದಿ ಹೇಳಹೋದರೇ ಇಲ್ಲಿ 65 ದಾಟುತ್ತದೆ.

ಒಂದು ತಪ್ಪು ಮಾತ್ರ ಮಾಡಬೇಡಿ. ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಗೋಲಂದಾಜ ಮಾಡಿದ ತಪ್ಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು ಅದು. ಬಾಯಿಯ ಕಡೆ ಸಿಂಹ ಆನೆಯನ್ನು ನುಂಗುತ್ತಿರುವ ಕೆತ್ತನೆ. ಬತ್ತಿ ಹಚ್ಚಿದವನು ಕೂಡಲೇ ಪಕ್ಕದ ನೀರಿನ ಹೊಂಡಕ್ಕೆ ಹಾರಿ ತಲೆ ಮುಳುಗಿಸುತ್ತಿದ್ದ, ಇಲ್ಲದಿದ್ದರೆ ಕಿವಿ ಹರಿಯುತ್ತಿತ್ತು ಎಂದು ಗೈಡ್‌ಗಳು ಹೇಳುತ್ತಾರೆ. ಕಥೆಯೋ ನಿಜವೋ, ಆದಿಲಶಾಹಿ ಕಾಲದವನಿಗೆ ಇದ್ದ ಹೆದರಿಕೆ ನಮಗೆ ಬೇಡ. ಮೆಡಿಕಲ್ ಅಂಗಡಿಯಲ್ಲಿ ಚಹಾದ ದುಡ್ಡಿಗೆ ಸಿಗುವ ಇಯರ್‌ಪ್ಲಗ್ ಅನ್ನು ಕೇಳಲೇಬೇಡಿ. 1854ರಲ್ಲಿ ಬ್ರಿಟಿಷರು ಈ ತೋಪನ್ನೇ ಹರಾಜಿಗೆ ಇಟ್ಟಾಗ 150 ರೂಪಾಯಿಗಿಂತ ಹೆಚ್ಚಿಗೆ ಯಾರೂ ಕೂಗಲಿಲ್ಲವಂತೆ, ಮಾರಾಟ ರದ್ದಾಯಿತು. ಕೈಯಿಂದ ಬಡಿದರೆ ಅದು ಇವತ್ತಿಗೂ ಗಂಟೆಯಂತೆ ಗುಂಯ್ ಅನ್ನುತ್ತದೆ. ನಾಲ್ಕುನೂರ ಎಪ್ಪತ್ತು ವರ್ಷ ದಾಟಿದರೂ ಗುಂಯ್ ಅನ್ನುವುದನ್ನು ಬಿಡದ ಅದರಿಂದ ಪಾಠ ಕಲಿಯಿರಿ, ಗೋಲಂದಾಜನಿಂದ ಅಲ್ಲ.

ಜೀರುಂಡೆ ಹುಟ್ಟಿದ ಮೇಲೆ ವೈದ್ಯರ ಹತ್ತಿರ ಹೋಗುವ ಕ್ರಮವಿದೆ. ತಡವಾಗಿ ಹೋಗಿ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೂ ಗುಂಯ್ ಅನ್ನಬಹುದು, ತೆಗೆಸಿದರೆ ಹತ್ತು ನಿಮಿಷದಲ್ಲಿ ಕಥೆ ಮುಗಿಯಬಹುದು. ಇಷ್ಟು ಕಷ್ಟಪಟ್ಟು ಹತ್ತು ನಿಮಿಷದಲ್ಲಿ ಮುಗಿಸುವುದೇ? ಆದ್ದರಿಂದ ತೋರಿಸುವ ಬದಲು ಮನೆಯಲ್ಲೇ ಕಡ್ಡಿ, ಕೀಲಿಕೈ, ಪಿನ್ನು ಹಾಕಿ ಗುಗ್ಗೆಯನ್ನು ತಮಟೆಯವರೆಗೂ ಒತ್ತಿ ಕೂರಿಸಿ. ಬೆಳಗ್ಗೆ ಎದ್ದಾಗ ಒಂದು ಕಿವಿ ಹಠಾತ್ತನೆ ಕೇಳದಂತಾಗಿದ್ದರೆ ಬಲ್ಲವರು ಅಂದೇ ಓಡುತ್ತಾರೆ. ಮೊದಲ ಕೆಲವೇ ದಿನಗಳಲ್ಲಿ ಸ್ಟೀರಾಯ್ಡ್ ಕೊಟ್ಟರೆ ಶ್ರವಣ ಮರಳುವ ಅವಕಾಶವಿದೆ, ಎರಡು ವಾರ ಕಳೆದರೆ ಅದು ಕೈಜಾರುತ್ತಾ ಹೋಗುತ್ತದೆ ಎಂದು ಅವರಿಗೆ ಗೊತ್ತು. ನೀವು "ಅಮಾಸಿ ಹೋಗ್ಲಿ" ಅನ್ನಿ. ಸದ್ದು ಎದೆಬಡಿತದ ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದರೆ ಅದು ರಕ್ತನಾಳದ ಮಾತಿರಬಹುದು, ತಪಾಸಣೆ ಮಾಡಿಸಲೇಬೇಕು ಎನ್ನುತ್ತಾರೆ. ನೀವು ಅದಕ್ಕೆ ಭಜನೆ ಕೂಡಿಸಿ. ಮಂಡಿನೋವಿಗೆಂದು ಕೇಳದೆ ಮಾಡದೆ ಆಸ್ಪಿರಿನ್ ಮುಷ್ಟಿಗಟ್ಟಲೆ ನುಂಗುವುದೂ ಉಪಕಾರಿ. ಅತಿಯಾದರೆ ಅದೇ ಗುಂಯ್ ಎನ್ನಿಸುತ್ತದೆ.

ಕೊನೆಗೂ ಕಿವಿ ಡಾಕ್ಟರ ಮುಂದೆ ಕೂತಿರಿ ಅನ್ನೋಣ. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಗುಂಡಿ ಒತ್ತಿಸಿ, ಕಾಗದದ ಮೇಲೆ ಒಂದು ಗೆರೆ ತೆಗೆದು ಕೊಡುತ್ತಾರೆ. ನನ್ನ ಗೆರೆ ಸಿಂದಗಿ ರಸ್ತೆಯಂತೆ ನೆಟ್ಟಗೆ ಬಂದು 4000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಿತ್ತು. ಡಾಕ್ಟರು ಆಗ ಎರಡು ವಾಕ್ಯ ಹೇಳುತ್ತಾರೆ. ಮೊದಲನೆಯದು: "ಇದನ್ನು ಪೂರ್ತಿ ತೆಗೆಯುವ ಔಷಧಿ ಇಲ್ಲ." ಎರಡನೆಯದು: "ಆದರೆ ಹೊಂದಿಕೊಳ್ಳುತ್ತೀರಿ, ಅದಕ್ಕೆ ದಾರಿ ಇದೆ." ಮೊದಲನೆಯ ವಾಕ್ಯ ಮುಗಿದ ಕೂಡಲೇ ಎದ್ದು ಬನ್ನಿ. ಎರಡನೆಯದು ಕಿವಿಗೆ ಬಿದ್ದರೆ ಜೀರುಂಡೆಗೆ ಒಳ್ಳೆಯದಲ್ಲ. ನಾನು ಕುರ್ಚಿ ಸರಿಸುವ ಸದ್ದಿನಲ್ಲಿ ಅದನ್ನು ಮುಳುಗಿಸಿ ಬಂದೆ, ಆಮೇಲೆ ಬೇರೆ ಬೇರೆ ಊರಿನ ಇನ್ನೂ ನಾಲ್ವರು ಡಾಕ್ಟರ ಹತ್ತಿರ ಮೊದಲನೆಯ ವಾಕ್ಯವನ್ನಷ್ಟೇ ಕೇಳಿಸಿಕೊಂಡು ಬಂದೆ. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ 2014ರಲ್ಲಿ ಒಂದು ಮಾರ್ಗಸೂಚಿ ತಂದಿತು: ಇದಕ್ಕೆ ಗಿಂಕೋ, ಜಿಂಕ್, ಮೆಲಟೋನಿನ್ ಕೊಡಬೇಡಿ ಎಂದು. ಇದು ನಿಮ್ಮ ಖರೀದಿ ಪಟ್ಟಿ. ಅದರಲ್ಲೇ ಮುಂದೆ, ಶ್ರವಣ ಕುಂದಿದ್ದರೆ ಯಂತ್ರ ಹಾಕಿಸಿ, ಮನಸ್ಸಿನ ಅಭ್ಯಾಸ ತಿದ್ದುವ ಅರಿವಿನ ಚಿಕಿತ್ಸೆ ಕೊಡಿಸಿ ಎಂದೂ ಇದೆ. ಆ ಪುಟ ಹರಿದುಹಾಕಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಂಬುದೊಂದಿದೆ. ಅಲ್ಲಿಗೆ ಹೋಗಲು ನಮ್ಮೂರಿನಿಂದ ನೇರ ರೈಲು ಇರುವುದು ತೊಂದರೆಯೇ. ಸ್ಟೇಷನ್ ರೋಡ್ ಬಿಟ್ಟು ಬೇರೆ ದಾರಿಯಲ್ಲಿ ಓಡಾಡಿ.

ಔಷಧಿಯನ್ನು ಗಾಂಧಿ ಚೌಕದ ಚಹಾದಂಗಡಿಯಲ್ಲೇ ಪಡೆಯಿರಿ. ಕೇಳುವ ರೀತಿ ಹೀಗೆ: ಕಪ್ಪು ಕೈಯಲ್ಲಿ ಹಿಡಿದು ಎಡಗಿವಿಯನ್ನು ಒಮ್ಮೆ ಒತ್ತಿಕೊಳ್ಳಿ, ಅಷ್ಟೇ. ಉಳಿದದ್ದು ತಾನಾಗಿ ಆಗುತ್ತದೆ.

"ಯಾಕ್ರಿ ಕಾಕಾ, ಕಿವಿ ಹಿಡಕೊಂಡ್ರಿ?"

"ಗುಂಯ್ ಅಂತೈತೋ ತಮ್ಮಾ."

"ಬಳ್ಳೊಳ್ಳಿ ಎಣ್ಣಿ ಕಾಸಿ ಬಿಡ್ರಿ. ನಮ್ಮ ಮಾವಗ ಹಿಂಗ ಆಗಿತ್ತು."

"ಆರಾಮ ಆತೇನು?"

"ತೀರಿಕೊಂಡ್ರು ಬಿಡ್ರಿ. ಆದ್ರ ಕಿವಿಯಿಂದಲ್ಲ."

ಬೆಳ್ಳುಳ್ಳಿಯವನು ಮುಗಿಸುವಷ್ಟರಲ್ಲಿ ಈರುಳ್ಳಿ ರಸದವನು ಬಂದಿರುತ್ತಾನೆ. ಅವನ ಹಿಂದೆ, ಇದು ಕಿವಿಯದಲ್ಲ ಹೊಟ್ಟೆಯ ವಾಯು ಎನ್ನುವವರು. ಹೊಟ್ಟೆಯದಲ್ಲ ಕುತ್ತಿಗೆಯ ನರದ್ದು ಎನ್ನುವವರು. ಯಾವುದೂ ಅಲ್ಲ, ನಿಮ್ಮನ್ನು ಯಾರೋ ನೆನೆಯುತ್ತಿದ್ದಾರೆ ಎನ್ನುವವರು. ಹನ್ನೊಂದು ವರ್ಷದಿಂದ ಬಿಡುವಿಲ್ಲದೆ ನನ್ನನ್ನು ನೆನೆಯುತ್ತಿರುವವರು ಒಬ್ಬರೇ ಇರಲು ಸಾಧ್ಯ, ಸಾಲ ಕೊಟ್ಟವರು. ಹೇಳಿದ್ದನ್ನೆಲ್ಲ ಒಂದೇ ವಾರದಲ್ಲಿ ಮಾಡಿ ಮುಗಿಸಿ, ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯದಂತೆ. ಹಳೆಯ ಆಧಾರ ಬೇಕೆಂದರೆ ಸುಶ್ರುತ ಸಂಹಿತೆಯನ್ನೇ ಮುಂದಿಡಿ. ಕಿವಿಯ 28 ರೋಗಗಳಲ್ಲಿ ಕರ್ಣನಾದ, ಕರ್ಣಕ್ಷ್ವೇಡ ಎಂದು ಗುಂಯ್ ಅನ್ನುವುದಕ್ಕೇ ಎರಡು ಹೆಸರು ಇಟ್ಟವರು ಅವರು. ಭೇರಿ, ಮೃದಂಗ, ಶಂಖದಂಥ ಸದ್ದಾದರೆ ನಾದ. ಕೊಳಲಿನಂಥ ಸದ್ದಾದರೆ ಕ್ಷ್ವೇಡ. ನಿಮ್ಮದು ಯಾವುದು ಎಂದು ಚಹಾದಂಗಡಿಯಲ್ಲಿ ಒಂದು ಚರ್ಚೆ ಏರ್ಪಡಿಸಿದರೆ ಸಂಜೆ ಹೋದದ್ದೇ ತಿಳಿಯುವುದಿಲ್ಲ. (ಚರ್ಚೆಯ ಹೊತ್ತಿನಲ್ಲಿ ಸದ್ದು ಕೇಳಿಸದಿದ್ದರೆ ಗಾಬರಿಯಾಗಬೇಡಿ. ಮನೆಗೆ ಹೋದಮೇಲೆ ಬರುತ್ತದೆ.)

ಈಗ ಸಾಕಣೆಯ ಮುಖ್ಯ ಭಾಗಕ್ಕೆ ಬರೋಣ. ಜೀರುಂಡೆಯ ಮೇವು ಯಾವುದು? ಕಾವಲು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿವಿಯ ಕೋಶಗಳು ಸತ್ತಾಗ ಕೆಲವು ಸ್ವರಗಳು ಮೆದುಳಿಗೆ ಬರುವುದು ನಿಲ್ಲುತ್ತದೆ. ಮೆದುಳು ಹಳೆಯ ರೇಡಿಯೋ ಹಿಡಿದ ಅಜ್ಜನಂತೆ. ಸ್ಟೇಷನ್ ಸಿಗದಿದ್ದರೆ ವಾಲ್ಯೂಮ್ ಏರಿಸುತ್ತದೆ. ಸ್ಟೇಷನ್ ಬರುವುದಿಲ್ಲ, ಗುಂಯ್ ಎಂಬ ಸದ್ದು ಬರುತ್ತದೆ. ಕಿವಿಮೊರೆತ ಹುಟ್ಟುವ ಬಗೆಗೆ ಇವತ್ತು ಹೆಚ್ಚಿನವರು ಒಪ್ಪುವ ವಿವರಣೆ ಇದು. ಆ ಸದ್ದು ಎಷ್ಟು ದೊಡ್ಡದು ಎಂದು ಯಂತ್ರದ ಸದ್ದಿನ ಜೊತೆ ಹೋಲಿಸಿ ಅಳೆದರೆ ಮಾತ್ರ ಅವಮಾನವಾಗುತ್ತದೆ. ನಿಮಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಐದೋ ಹತ್ತೋ ಡೆಸಿಬೆಲ್ ಮೇಲೆ, ಬಹುತೇಕರದು ಅಷ್ಟೇ. ಪಿಸುಮಾತಿನ ಅಳತೆ. ರಾತ್ರಿಯೆಲ್ಲ ಬುಲ್ಡೋಜರ್ ಓಡುತ್ತದೆ ಎಂದು ಬೀಗರ ಮನೆಯವರೆಗೂ ಹೇಳಿಬಂದಿದ್ದ ನನಗೆ ಆ ಅಳತೆಯ ಚೀಟಿ ನೋಡಿ ಮುಖ ಸಣ್ಣದಾಯಿತು. ಆ ಚೀಟಿಯನ್ನು ಯಾರಿಗೂ ತೋರಿಸಿಲ್ಲ. ನೀವೂ ತೋರಿಸಬೇಡಿ.

ಪಿಸುಮಾತನ್ನು ಬುಲ್ಡೋಜರ್ ಮಾಡುವುದೇ ಸಾಕುವವನ ಜಾಣತನ. ಉಪ್ಪಲಿ ಬುರುಜನ್ನು ನೋಡಿದ್ದೀರಲ್ಲ, ಊರಿನ ಎತ್ತರದ ಜಾಗದಲ್ಲಿ ಕಟ್ಟಿದ ಕಾವಲುಗೋಪುರ. ಶತ್ರು ಬಂದಾನೆಂದು ನಾಲ್ಕೂ ದಿಕ್ಕು ನೋಡುತ್ತ ನಿಲ್ಲಲು. ಅಂಥದೊಂದನ್ನು ತಲೆಯಲ್ಲಿ ಕಟ್ಟಿ, ಮೆಟ್ಟಿಲೇರಿ, ಇಳಿಯಬೇಡಿ. ಬೆಳಗ್ಗೆ ಕಣ್ಣು ಬಿಡುವ ಮೊದಲು ಕೇಳಿ: ಇದೆಯೇ? ಇದೆ. ಹಲ್ಲುಜ್ಜುವಾಗ, ಬಸ್ ಏರುವಾಗ, ಯಾರಾದರೂ ಸಾವಿನ ಸುದ್ದಿ ಹೇಳುತ್ತಿರುವಾಗ ಕೇಳಿ: ಇದೆಯೇ? ಒಂದು ನೂರು ಪುಟದ ನೋಟ್‌ಬುಕ್ ತಂದು ತಾಸಿಗೊಂದು ಕಾಲಂ ಎಳೆಯಿರಿ. ಹತ್ತಕ್ಕೆ ಎಷ್ಟು ಎಂದು ಅಂಕ ಹಾಕಿ. ನಾನು ಹದಿನೇಳು ನೋಟ್‌ಬುಕ್ ತುಂಬಿಸಿದ್ದೇನೆ. ಅಂಗಡಿಯ ಉದ್ರಿ ಲೆಕ್ಕ ಇಷ್ಟು ನಿಯಮದಿಂದ ಬರೆದಿದ್ದರೆ ಇನ್ನೊಂದು ಅಂಗಡಿ ಆಗುತ್ತಿತ್ತು. ಹೀಗೆ ದಿನಕ್ಕೆ ಹದಿನಾರು ಸಲ ವಿಚಾರಿಸಿದರೆ ಮೆದುಳು ಏನು ತಿಳಿಯುತ್ತದೆ? ಸಾಹೇಬರಿಗೆ ಇದು ಬಹಳ ಮುಖ್ಯವಾದ ಸುದ್ದಿ ಎಂದು. ಪಾಪ, ಮರುದಿನ ಇನ್ನೂ ಜೋರಾಗಿ ತಂದು ಒಪ್ಪಿಸುತ್ತದೆ.

ಕಾವಲಿಗೆ ಮೌನ ಬೇಕು. ಫ್ಯಾನ್ ಬಂದ್ ಮಾಡಿ ಎಂದು ಶುರುವಿನಲ್ಲೇ ಹೇಳಿದ್ದು ಸುಮ್ಮನಲ್ಲ. ಫ್ಯಾನಿನ ಗಾಳಿ, ಮಳೆಯ ಸದ್ದು, ಸಣ್ಣಗೆ ಹಚ್ಚಿದ ರೇಡಿಯೋ, ಇವೆಲ್ಲ ಜೀರುಂಡೆಯ ಮೇಲೆ ಕಂಬಳಿ ಹೊದಿಸುತ್ತವೆ. ಹಾಸಿಗೆಯಲ್ಲಿ ಕಿವಿ ಮುಚ್ಚಿಕೊಳ್ಳಿ. ಗಾಂಧಿ ಚೌಕದಲ್ಲಿ ಅಂಗಡಿ ಇಟ್ಟವನು ಗಾಂಧೀಜಿಯ ಕೋತಿಗಳನ್ನು ಮರೆಯಬಾರದು. ಆ ಮೂರರಲ್ಲಿ ಕಿವಿ ಮುಚ್ಚಿಕೊಂಡು ಕೂತದ್ದಿದೆಯಲ್ಲ, ಅದರ ಮುಖ ಒಮ್ಮೆ ಸರಿಯಾಗಿ ನೋಡಿ. ಹೊರಗಿನ ಕೆಟ್ಟದ್ದು ಕೇಳದಿರಲೆಂದು ಮುಚ್ಚಿತು, ಒಳಗಿನದು ಶುರುವಾಯಿತು, ಈಗ ಕೈ ತೆಗೆಯುವಂತಿಲ್ಲ. 1953ರಲ್ಲಿ ಹೆಲ್ಲರ್, ಬರ್ಗಮನ್ ಎಂಬಿಬ್ಬರು ಕಿವಿ ಸರಿಯಾಗಿದ್ದ 80 ಮಂದಿಯನ್ನು ಸದ್ದೇ ಬಾರದ ಕೋಣೆಯಲ್ಲಿ ಐದು ನಿಮಿಷ ಕೂರಿಸಿ, ಏನಾದರೂ ಕೇಳಿಸಿತೇ ಎಂದು ವಿಚಾರಿಸಿದರು. ನೂರಕ್ಕೆ 94ರಷ್ಟು ಜನ ಏನೋ ಒಂದು ಸದ್ದು ಹೇಳಿದರು. ಅಂದರೆ ನೆರೆಮನೆಯವರಿಗೂ ಜೀರುಂಡೆ ಇದೆ. ಅವರ ಮನೆಯಲ್ಲಿ ಟಿ.ವಿ. ಜೋರು ಇರುವುದರಿಂದ ಭೇಟಿಯಾಗಿಲ್ಲ, ಅಷ್ಟೇ.

ಮೌನಕ್ಕೆ ಬೇಸತ್ತರೆ ಅದರ ವಿರುದ್ಧ ದಿಕ್ಕಿಗೆ ಓಡಿ, ನಡುವೆ ನಿಲ್ಲಬೇಡಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ಹಗ್ಗದ ತೀರ ಹತ್ತಿರ ನಿಂತು, ಸದ್ದಿನಿಂದ ಸದ್ದನ್ನು ಹೊಡೆಯುವ ಪ್ರಯೋಗ ಮಾಡಿ. ನಾನು ಮಾಡಿದೆ. ಮೂರು ದಿನ ಜೀರುಂಡೆಗೆ ಜೊತೆಯಾಗಿ ಒಂದು ಸಂಸಾರವೇ ಬಂದಿತ್ತು.

ಸಮಾಧಾನ ಬೇಕೆಂದರೆ ಗೋಳಗುಮ್ಮಟಕ್ಕೆ ಹೋಗಿ. ಮುಹಮ್ಮದ್ ಆದಿಲ್ ಶಾಹನ ಗೋರಿ, ಅವನು 1656ರಲ್ಲಿ ತೀರಿಕೊಂಡಾಗ ಕೆಲಸ ನಿಂತಿತು ಎನ್ನುತ್ತಾರೆ. ಮೇಲಿನ ಪಿಸುಗುಟ್ಟುವ ಗ್ಯಾಲರಿ ಏರಿ. ಒಂದು ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರಿನ ಗೋಡೆಗೆ ಕಿವಿ ಕೊಟ್ಟವನಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಸಲ ಮರಳಿ ಬರುತ್ತದೆ ಎಂಬುದು ಪ್ರತೀತಿ. ಶಾಲೆಯ ಟ್ರಿಪ್ಪಿನ ಹುಡುಗರು ಎಣಿಸಲು ಬಿಡುವುದಿಲ್ಲ, ಆದರೂ ಎಣಿಸಿ. ಏಳನೆಯದಾದ ಮೇಲೆ ಗುಮ್ಮಟ ಸುಮ್ಮನಾಗುತ್ತದೆ. ನಿಮ್ಮದು ಆಗುವುದಿಲ್ಲ. ಆದಿಲಶಾಹಿ ವಾಸ್ತುಶಿಲ್ಪಿಗಳನ್ನು ಒಂದು ವಿಷಯದಲ್ಲಾದರೂ ಸೋಲಿಸಿದ ಹೆಮ್ಮೆಯಿಂದ ಕೆಳಗಿಳಿಯಿರಿ.

ದೊಡ್ಡವರ ಸಂಗವೂ ನಿಮಗಿದೆ. ರೋಮಿನ ಚಕ್ರವರ್ತಿ ಟೈಟಸ್‌ನ ಮೂಗಿನೊಳಗೆ ಒಂದು ನೊರಜು ಹೊಕ್ಕು ಏಳು ವರ್ಷ ಮಿದುಳು ಕುಕ್ಕಿತು ಎಂದು ಯಹೂದಿಗಳ ತಾಲ್ಮುಡ್‌ನಲ್ಲಿ ಕಥೆಯಿದೆ. ಒಂದು ದಿನ ಕಮ್ಮಾರಸಾಲೆಯ ಮುಂದೆ ಹಾದುಹೋಗುವಾಗ ಸುತ್ತಿಗೆಯ ಸದ್ದಿಗೆ ನೊರಜು ಸುಮ್ಮನಾಯಿತು. ದೊರೆ ದಿನಾ ಒಬ್ಬ ಕಮ್ಮಾರನನ್ನು ಕರೆಸಿ ಎದುರಿಗೆ ಬಡಿಸಿದ. ಮೂವತ್ತು ದಿನ ನಡೆಯಿತು. ಆಮೇಲೆ ನೊರಜಿಗೆ ಸುತ್ತಿಗೆಯ ಸದ್ದು ರೂಢಿಯಾಗಿ ಮತ್ತೆ ಕುಕ್ಕತೊಡಗಿತು. ನೊರಜೇ ರೂಢಿ ಮಾಡಿಕೊಂಡಿತು, ದೊರೆ ಮಾಡಿಕೊಳ್ಳಲಿಲ್ಲ. ಇವನು ನಮ್ಮ ಮಾದರಿ. ಚೆಕ್ ಸಂಗೀತಗಾರ ಸ್ಮೆಟಾನಾ ಮಾಡಿದಂತೆ ಮಾತ್ರ ಮಾಡಬೇಡಿ. ಕಿವುಡಾಗುವ ಮುನ್ನ ತನ್ನ ಕಿವಿಯಲ್ಲಿ ಸಿಳ್ಳೆ ಹಾಕಿದ ಸ್ವರವನ್ನು ಅವನು 1876ರಲ್ಲಿ ಬರೆದ ತಂತಿವಾದ್ಯಗಳ ಕೃತಿಯ ಕೊನೆಯಲ್ಲಿ ಪಿಟೀಲಿಗೆ ಕೊಟ್ಟುಬಿಟ್ಟ. ಸಾಕಿದ ಜೀರುಂಡೆಯನ್ನು ಯಾರಾದರೂ ಕೂಲಿಗೆ ಕಳಿಸುತ್ತಾರೆಯೇ?

ಇನ್ನೊಂದು ಅಪಾಯ ಯೋಗಿಗಳಿಂದ. ಹಠಯೋಗ ಪ್ರದೀಪಿಕೆಯ ನಾಲ್ಕನೆಯ ಉಪದೇಶದಲ್ಲಿ ನಾದಾನುಸಂಧಾನ ಎಂಬ ಅಭ್ಯಾಸವಿದೆ. ಕಿವಿ ಮುಚ್ಚಿ ಕೂತವನಿಗೆ ಮೊದಲು ಕಡಲು, ಗುಡುಗು, ಭೇರಿಯ ಸದ್ದು. ಆಮೇಲೆ ಮದ್ದಳೆ, ಶಂಖ, ಗಂಟೆ. ಕಡೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿ. ವರ್ಷಗಟ್ಟಲೆ ಸಾಧನೆ ಮಾಡಿ ಅವರು ಮುಟ್ಟುವ ಆ ದುಂಬಿ ನಿಮಗೆ ಖರ್ಚಿಲ್ಲದೆ ಸಿಕ್ಕಿದೆ. ನನ್ನ ಗೆಳೆಯರೊಬ್ಬರು, ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಇದನ್ನು ಓದಿ "ಹಂಗಾರ ಇದು ರೋಗ ಅಲ್ಲ, ಬ್ಯಾರೇ ಮಂದಿ ಹುಡುಕೊಂತ ಹೋಗೂ ವಸ್ತು" ಅಂದುಕೊಂಡು ನಿತ್ಯ ಬೆಳಗ್ಗೆ ಹತ್ತು ನಿಮಿಷ ಅದನ್ನು ಕೇಳುತ್ತ ಕೂಡತೊಡಗಿದರು. ಹೆದರಿಕೆ ಹೋಯಿತು. ಹೆದರಿಕೆ ಹೋದಮೇಲೆ ಹತ್ತು ನಿಮಿಷ ಮುಗಿಯುವ ಮೊದಲೇ ಬೇಜಾರಾಗಿ ಏಳತೊಡಗಿದರು. ಈಗ ಕೇಳಿದರೆ, "ಐತೇನೋ, ನೋಡಿಲ್ಲ" ಅನ್ನುತ್ತಾರೆ. ಅಂಥವರ ಜೊತೆ ವಾಕಿಂಗ್ ಹೋಗುವುದನ್ನು ನಾನು ಬಿಟ್ಟಿದ್ದೇನೆ.

ಶ್ರವಣಯಂತ್ರದ ಬಗೆಗೆ ಹೆಚ್ಚು ಹೇಳಬೇಕಿಲ್ಲ. ಕಳೆದುಹೋದ ಸ್ವರಗಳು ಹೊರಗಿನಿಂದ ಬರತೊಡಗಿದರೆ ಮೆದುಳಿನ ಅಜ್ಜ ವಾಲ್ಯೂಮ್ ಇಳಿಸಿಯಾನು. ಹಾಕದಿರಲು, ಹಾಕಿದರೆ ಕಿವುಡ ಅಂದಾರು ಎಂಬ ಕಾರಣ ಸಾಕು. ಬದಲಿಗೆ ಎಲ್ಲರಿಗೂ ಮೂರು ಸಲ "ಹಾಂ?" ಅನ್ನಿ, ಗಿರಾಕಿ ಸುನಂದಾ ಅಂದರೆ ಆನಂದಾ ಎಂದು ಕೊರೆಯಿರಿ. ಹಾಗೆ ಕೊರೆದ ಒಂದು ಪರಾತ ನಮ್ಮ ಅಡುಗೆಮನೆಯಲ್ಲಿದೆ. ಆನಂದಾ ಯಾರು ಎಂದು ಮನೆಯಲ್ಲಿ ಇನ್ನೂ ವಿಚಾರಣೆ ನಡೆದಿದೆ.

ಕೊನೆಗೆ, ಎಷ್ಟೇ ನಿಷ್ಠೆಯಿದ್ದರೂ ಕಾವಲು ತಪ್ಪಬಹುದು, ಎಚ್ಚರವಿರಲಿ. ಹೋದ ಲಗ್ನದ ಸೀಸನ್‌ನಲ್ಲಿ ಬಬಲೇಶ್ವರ ಕಡೆಯ ಒಬ್ಬ ಆಯಿ ಸೆರಗಿನಲ್ಲಿ ಸುತ್ತಿದ ಹಿತ್ತಾಳೆ ಕೊಡ ತಂದು ಮುಂದಿಟ್ಟರು. ಹೊಸದಲ್ಲ, ಕಪ್ಪಡರಿದ್ದು. "ನಮ್ಮವ್ವ ಕೊಟ್ಟದ್ದು. ಮೊಮ್ಮಗಳಿಗೆ ಕೊಡಾಕತ್ತೀನಿ. ಹಳೇ ಹೆಸರು ಅಳಸಬ್ಯಾಡೋ ತಮ್ಮಾ, ಅದರ ಬಾಜೂಕ ಹುಡಿಗೀದು ಹಾಕು." ತಿರುಗಿಸಿ ನೋಡಿದೆ. ಮಷೀನು ಬರುವ ಮೊದಲಿನ ಕೆಲಸ. ಚಾಣದಿಂದ ಚುಕ್ಕೆ ಚುಕ್ಕೆ ಹೊಡೆದು ಬರೆದದ್ದು. ಅರ್ಧ ಸವೆದಿತ್ತು. ಹುಣಸೆಹಣ್ಣು ತರಿಸಿ ತಿಕ್ಕಿದೆ. ಗಂ ಅನ್ನುವುದು ಕಂಡಿತು, ಆಮೇಲೆ ಗವ್ವ ಅನ್ನುವುದು ಕಂಡಿತು. "ಗಂಗವ್ವ ಏನ್ರಿ?" ಅಂದೆ. "ಹೌದೋ, ನಮ್ಮವ್ವನ ಹೆಸರು ಅಲ್ಲೇ ಐತಲ್ಲ," ಎಂದು ಆಯಿ ಅದರ ಮೇಲೆ ಬೆರಳಾಡಿಸಿದರು. ಓದಲು ಬಾರದವರು, ಬೆರಳಿಗೆ ಗೊತ್ತಿತ್ತು. ಅಕ್ಷರದ ಪಕ್ಕ ಮಷೀನಿನ ಗೆರೆ ಒಪ್ಪುವುದಿಲ್ಲ ಅನ್ನಿಸಿತು. ಹಳೆಯ ಪೆಟ್ಟಿಗೆಯಿಂದ ಅಪ್ಪನ ಚಾಣ, ಸಣ್ಣ ಸುತ್ತಿಗೆ ತೆಗೆದು ಕೈಯಲ್ಲೇ ಚುಕ್ಕೆ ಹೊಡೆಯುತ್ತ ಕೂತೆ. ಆಯಿ ಅವ್ವನ ತವರಿನ ಕಥೆ ಹೇಳಿದರು, ನಾನು ಸೊನ್ನೆಯನ್ನು ಎರಡು ಸಲ ತಿದ್ದಿದೆ, ಕೂಲಿಗೆ ಜಗಳಾಡಿದೆವು, ಅವರು ಗೆದ್ದು ಹೋದರು.

ಗಡಿಯಾರ ನೋಡಿದರೆ ಒಂದು ತಾಸಿನ ಮೇಲಾಗಿತ್ತು. ಒಂದು ತಾಸು ನಾನು ಬುರುಜಿನ ಮೇಲೆ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಗಂಟೆಯ ಕಾಲಂ ಖಾಲಿ. ಕೂಡಲೇ ಶಟರ್ ಎಳೆದು, ಕತ್ತಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕಿವಿಗೆ ಬೆರಳಿಟ್ಟೆ. ಮೊದಲು ನನ್ನ ಉಸಿರು ಬಿಟ್ಟರೆ ಏನೂ ಇಲ್ಲ. ಹಾಗೇ ಕೂತೆ. ದೂರದಿಂದ, ಯಾರದೋ ಮನೆಯ ಹಿತ್ತಲಿನಿಂದೆಂಬಂತೆ, ಬಂತು. ನಿಮಗೂ ಹೀಗಾದರೆ ಕಾಲಂ ಖಾಲಿ ಬಿಡಬೇಡಿ. ನಾನು ಅಂದಾಜಿನ ಮೇಲೆ ಏಳು ಎಂದು ಬರೆದೆ. ಅಷ್ಟರಲ್ಲಿ ಹೊರಗಿನಿಂದ ಯಾರೋ ಶಟರ್ ಬಡಿದರು.

"ಕಾಕಾ, ತಂಬಿಗಿಗೆ ಹೆಸರು ಹಾಕಸೂದಿತ್ತು. ಒಳಗ ಅದೀರೇನು?"

"ತಡಿಯೋ ತಮ್ಮಾ," ಅಂದೆ, "ಇನ್ನೂ ಕೇಳಾಕತ್ತೀನಿ."